ಮನೆಕೋಣೆ

ಸುಮ್ಮನೆ ಕೂತಿರುವ ಕೆಲಸವನ್ನು ಯಾರೂ ನನಗೆ ಕೊಡಬಾರದು. ಅದು ನನ್ನ ಜಾಯಮಾನವಲ್ಲ. ಆದರೆ ಆ ದಿನ ಆಸ್ಪತ್ರೆಯವರು ನನಗೆ ಕೊಟ್ಟದ್ದು ಅದೊಂದೇ: ಕುರ್ಚಿಯ ಮೇಲೆ ಕೂರಬೇಕು, ಮಗುವನ್ನು ಮುಟ್ಟಬಾರದು, ತಾಯಿಗೆ ಏನೂ ಹೇಳಿಕೊಡಬಾರದು.

ಮಗು ನನ್ನ ತಮ್ಮನದು. ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣುಮಗು. ಗಾಜಿನಾಚೆಯಿಂದ ಮೊದಲ ಸಲ ನೋಡಿದಾಗ ತಮ್ಮ, "ಅಕ್ಕ, ಇಲಿಮರಿ ಥರ ಇದೆಯಲ್ಲೇ" ಅಂದವನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟ. ಅವತ್ತಿನಿಂದ ಅದು ಇಲಿಮರಿಯೇ ಆಯಿತು. ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲೇ ಇತ್ತು. ಮೂಗಿಗೆ ಕೊಳವೆ, ಕಾಲಿಗೆ ವೈರು. ಆ ವಾರ್ಡಿಗೆ ಏನೋ ಉದ್ದುದ್ದ ಹೆಸರಿತ್ತು. ನಮ್ಮ ಮನೆಯಲ್ಲಿ ಅದನ್ನು 'ಒಳಗೆ' ಅನ್ನುತ್ತಿದ್ದೆವು. ಒಳಗೆ ಏನಂದರು, ಒಳಗೆ ಇವತ್ತು ಹೇಗಿದೆ, ಇಷ್ಟೇ ನಮ್ಮ ಮಾತು.

ಒಳಗಿನಿಂದ ನೇರವಾಗಿ ಮನೆಗೆ ಕಳಿಸುವುದಿಲ್ಲ. ನಡುವೆ ಒಂದು ಕೋಣೆಯಿದೆ. ಅದನ್ನು ಮನೆಕೋಣೆ ಅನ್ನುತ್ತಾರೆ. ಒಂದು ಮಂಚ, ಒಂದು ತೊಟ್ಟಿಲು, ಒಂದು ಕುರ್ಚಿ, ಕೈತೊಳೆಯಲು ನಲ್ಲಿ, ಸಿಸ್ಟರನ್ನು ಕರೆಯಲು ಗೋಡೆಯಲ್ಲಿ ಬೆಲ್ಲು. ಯಂತ್ರ ಮಾತ್ರ ಇಲ್ಲ. ಬೇಗ ಹುಟ್ಟಿದ ಮಕ್ಕಳು ಹಾಲು ಕುಡಿಯುತ್ತಾ ಉಸಿರಾಡುವುದನ್ನೇ ಮರೆತುಬಿಡುತ್ತವಂತೆ. ಆ ಮರೆವು ಹೋಗಿದೆಯೇ, ತಾಯಿಗೆ ಒಬ್ಬಳೇ ನೋಡಿಕೊಳ್ಳುವ ಧೈರ್ಯ ಬಂದಿದೆಯೇ ಎಂದು ಅಲ್ಲಿ ನೋಡುತ್ತಾರೆ. ಎರಡೂ ಸರಿಯಿದ್ದರೆ ಮನೆಗೆ, ಇಲ್ಲದಿದ್ದರೆ ಮತ್ತೆ ಒಳಗೆ.

ಬೆಳಗ್ಗೆ ಡಾಕ್ಟರು ಬಂದು, "ಸಂಜೆವರೆಗೂ ಹೀಗೇ ಇದ್ರೆ ಕರ್ಕೊಂಡು ಹೊರಡಿ" ಅಂದಿದ್ದರು. ತಮ್ಮ ಬಸ್ ಡ್ರೈವರು. ರಜೆ ಹಾಕಿ, ಪಕ್ಕದ ಮನೆಯವರ ಕಾರು ಕೇಳಿ ತಂದು ಆಸ್ಪತ್ರೆಯ ಬಾಗಿಲಲ್ಲೇ ಕಾಯುತ್ತಿದ್ದ. ಕೋಣೆಯೊಳಗೆ ತಾಯಿಯ ಜೊತೆ ಒಬ್ಬರಿಗೆ ಮಾತ್ರ ಜಾಗ. ಆ ಒಬ್ಬಳು ನಾನೇ ಎಂದು ಯಾರೂ ಹೇಳುವ ಮೊದಲೇ ನಾನು ಕೂತುಬಿಟ್ಟಿದ್ದೆ.

ಮಗುವಿನ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ನಮ್ಮ ನಾದಿನಿಯ ಬಗ್ಗೆ, ಅಂದರೆ ಇಲಿಮರಿಯ ತಾಯಿಯ ಬಗ್ಗೆ. ಅವಳು ಟೈಲರು. ಅಂಗಡಿಯಲ್ಲಿ ಕತ್ತರಿ ಹಿಡಿದರೆ ಮೈಮೇಲೆ ಬಂದವಳ ಹಾಗೆ ಕತ್ತರಿಸುತ್ತಾಳೆ, ಎಂಥ ಬೆಲೆಯ ಬಟ್ಟೆಯಾದರೂ ಕೈ ನಡುಗುವುದಿಲ್ಲ. ಅಂಥವಳು ಇಲ್ಲಿ ಮಗು ಮಿಸುಕಿದರೆ ಸಾಕು, ಬೆಲ್ಲು ಒತ್ತುತ್ತಿದ್ದಳು.

"ಸಿಸ್ಟರ್, ಎತ್ಕೊಳ್ಲಾ?"

ಅವಳನ್ನು ಅಂದು ಏನು ಪ್ರಯೋಜನ! ಒಳಗೆ ಅಷ್ಟು ದಿನವೂ ಅದೇ ಪಾಠ. ಪೆಟ್ಟಿಗೆಯ ಕಿಂಡಿಗೆ ಕೈ ಹಾಕುವ ಮುಂಚೆ ಕೇಳಬೇಕು, ಬೆರಳು ತಾಗಿಸಲು ಕೇಳಬೇಕು, ಎದೆಗೆ ಒರಗಿಸಿಕೊಳ್ಳಲು ಕೇಳಬೇಕು. ಹೆತ್ತವಳು ತನ್ನ ಮಗುವನ್ನು ಮುಟ್ಟಲು ಕೈಕಟ್ಟಿ ನಿಂತು ಕೇಳುವುದನ್ನು ಗಾಜಿನಾಚೆಯಿಂದ ನೋಡಲಾರದೆ ನಾನು ಮುಖ ತಿರುಗಿಸುತ್ತಿದ್ದೆ.

ಸಿಸ್ಟರ್ ಒಳ್ಳೆಯ ಹೆಂಗಸು, ಆದರೆ ಮುಖಸ್ತುತಿ ಗೊತ್ತಿಲ್ಲ. ನನ್ನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದರು. "ನೀವೇ ಎತ್ಕೋಬೇಕು ಅಂತ ಅವರಿಗೆ ಹೇಳಿದೀನಿ. ಇನ್ಮೇಲೆ ನಾನು ಹೂಂ ಅನ್ನಲ್ಲ, ನೀವೂ ಅನ್ನಬೇಡಿ. ಹೀಗೇ ಇದ್ರೆ ಡಾಕ್ಟ್ರು ಕಳಿಸಲ್ಲ. ನಾಳೆ ಮನೇಲಿ ಯಾರನ್ನ ಕೇಳ್ತಾರೆ ಅವರು?"

"ನಾನಿರ್ತೀನಲ್ಲ ಸಿಸ್ಟರ್, ನನ್ನ ಕೇಳ್ತಾಳೆ."

"ಅದೇ ನನಗೆ ಭಯ" ಅಂದು ಅವರು ಹೊರಟೇ ಹೋದರು.

ಊಟದ ಹೊತ್ತು ಕಳೆದಿತ್ತು. ಮಗು ಎದ್ದು ಅಳತೊಡಗಿತು. ನಾದಿನಿಯ ಕೈ ಬೆಲ್ಲಿನ ಕಡೆ ಹೋಗಿ ಹಿಂದೆ ಬಂತು. ನನ್ನ ಕಡೆ ತಿರುಗಿದಳು.

"ಅತ್ತಿಗೆ, ಎತ್ಕೊಳ್ಲಾ?"

ನಾನು ಫ್ಯಾನು ನೋಡಿದೆ.

"ಅತ್ತಿಗೆ, ನಿಮ್ಮನ್ನೇ. ಅಳ್ತಿದ್ದಾಳೆ. ಎತ್ಕೊಳ್ಲಾ?"

ಬಾಯಿಗೆ ಬೀಗ ಹಾಕಿಕೊಳ್ಳುವುದು ಅಂದರೇನೆಂದು ನನಗೆ ಆಗ ಗೊತ್ತಾಯಿತು. ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿ ಸೆರಗಿನ ಅಂಚು ಹಿಂಡುತ್ತಾ ಕೂತೆ. ಮಗು ಅತ್ತೂ ಅತ್ತೂ ಕೆಂಪಾಯಿತು. ಕೊನೆಗೆ ಅವಳು, "ನಿಮಗೇನಾಗಿದೆ ಇವತ್ತು" ಎಂದು ಗೊಣಗಿಕೊಂಡು, ತಾನೇ ಬಗ್ಗಿ ಎತ್ತಿಕೊಂಡಳು. ಎತ್ತಿಕೊಂಡು ಮಂಚದ ಮೇಲೆ ಕೂತು ಹಾಲು ಕುಡಿಸತೊಡಗಿದಳು. ನನಗೆ ಸಿಸ್ಟರನ್ನು ಕೂಗಿ ಕರೆಯುವಷ್ಟು ಖುಷಿಯಾಯಿತು. ಇನ್ನೇನು, ಹೊರಡುವುದೇ ಅಂದುಕೊಂಡು ಚೀಲಕ್ಕೆ ಮಗುವಿನ ಬಟ್ಟೆ ತುಂಬಲು ಶುರುಮಾಡಿದೆ.

ಹಾಲು ಗುಟುಕರಿಸುವ ಸದ್ದು ನಿಂತದ್ದು ನನಗೆ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಯಿತು. ತಲೆಯೆತ್ತಿ ನೋಡುವಷ್ಟರಲ್ಲಿ ಮಗುವನ್ನು ಎದೆಯಿಂದ ಬಿಡಿಸಿ ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಒಂದು ಕೈ ಗಲ್ಲಕ್ಕೆ ಆಧಾರ, ಇನ್ನೊಂದು ಕೈ ಬೆನ್ನ ಮೇಲೆ. ಮಗುವಿನ ತುಟಿ ನೀಲಿ. ಕೈಕಾಲು ಜೋತುಬಿದ್ದಿದ್ದವು.

"ಉಸಿರಾಡು. ಉಸಿರಾಡೇ ಕಂದ."

ಕೂಗಲಿಲ್ಲ ಅವಳು. ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಹೇಳುತ್ತಾ ಬೆನ್ನು ಉಜ್ಜಿದಳು. ದೊಡ್ಡ ಬಾಯಿಯವಳು ಎಂದು ಹೆಸರಾದ ನಾನು ಮಗುವಿನ ಅಂಗಿ ಹಿಡಿದು ನಿಂತಲ್ಲೇ ನಿಂತೆ. ಆಮೇಲೆ ಒಂದು ಕೆಮ್ಮು. ಸಣ್ಣ ಅಳು. ತುಟಿಗೆ ಮೆಲ್ಲಗೆ ಬಣ್ಣ ಬಂತು.

ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ನಾನು ಮಾಡಿದ ಮೊದಲ ಕೆಲಸ, ಬಾಗಿಲು ನೋಡಿದ್ದು. ಮುಚ್ಚಿತ್ತು. ಯಾರೂ ನೋಡಿರಲಿಲ್ಲ.

"ಹೇಳ್ಬೇಡ" ಅಂದೆ. "ಸರಿ ಹೋಯ್ತಲ್ಲ. ಹೇಳಿದ್ರೆ ಮತ್ತೆ ಒಳಗೆ ಹಾಕ್ತಾರೆ. ಮತ್ತೆ ಆ ವೈರು, ಆ ಕೊಳವೆ. ಕೆಳಗೆ ಅವನು ಕಾಯ್ತಾ ಇದ್ದಾನೆ. ಮನೇಲಿ ನಾನಿರ್ತೀನಿ, ರೆಪ್ಪೆ ಮುಚ್ಚದೆ ನೋಡ್ಕೋತೀನಿ. ಬಾಯಿ ಬಿಡಬೇಡ ತಾಯಿ, ನಿನ್ನ ದಮ್ಮಯ್ಯ."

ಅವಳು ನನ್ನನ್ನು ನೋಡಿದಳು. ಈಗ ಕೇಳುತ್ತಾಳೆ ಅಂದುಕೊಂಡೆ. ಅತ್ತಿಗೆ, ಹೇಳ್ಬಿಡ್ಲಾ ಎಂದು ಕೇಳಿದ್ದರೆ ಖಂಡಿತ ಬೇಡ ಅನ್ನುತ್ತಿದ್ದೆ. ಅವಳು ಕೇಳಲಿಲ್ಲ. ಕೈ ಚಾಚಿ ಬೆಲ್ಲು ಒತ್ತಿದಳು.

ಸಿಸ್ಟರ್ ಬಾಗಿಲು ತೆರೆಯುತ್ತಲೇ, "ನೀವೇ ಎತ್ಕೋಬೇಕು ಅಂತ ಹೇಳಿದ್ನಲ್ಲ" ಎಂದು ಶುರುಮಾಡಿದರು.

"ಅದಕ್ಕಲ್ಲ ಸಿಸ್ಟರ್. ಕುಡೀತಾ ಉಸಿರು ನಿಲ್ಲಿಸಿದ್ಲು. ತುಟಿ ನೀಲಿ ಆಯ್ತು. ತಾನಾಗಿ ಬರ್ಲಿಲ್ಲ, ನಾನು ಬೆನ್ನು ಉಜ್ಜಿದ ಮೇಲೆ ಬಂತು."

ಸಿಸ್ಟರ್ ಮಗುವಿನ ಎದೆಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಅವಳ ಮುಖ ನೋಡಿದರು. "ಇನ್ನೂ ಕೆಲವು ದಿನ ಒಳಗೆ ಇರ್ಬೇಕಾಗುತ್ತಮ್ಮ. ಗೊತ್ತಲ್ಲ?"

"ಗೊತ್ತು. ಗೊತ್ತಿದ್ದೇ ಹೇಳಿದ್ದು."

ನನಗೆ ಅವಳ ಮೇಲೆ ಸಿಟ್ಟು ಬಂತು. ಆ ಸಿಟ್ಟನ್ನು ಈಗ ಮುಚ್ಚಿಟ್ಟು ಏನಾಗಬೇಕು? ಗೆದ್ದ ಆಟವನ್ನು ಕೈಯಾರೆ ಬಿಟ್ಟುಕೊಟ್ಟಳಲ್ಲ ಎಂದು ಸಿಟ್ಟು. ತುಂಬಿದ ಚೀಲ ಹಿಡಿದುಕೊಂಡು ಅವರ ಹಿಂದೆ ನಡೆದೆ. ದೊಡ್ಡ ಬಾಗಿಲ ಹತ್ತಿರ ಸಿಸ್ಟರ್ ಎರಡೂ ಕೈ ಚಾಚಿದರು, ಮಗುವನ್ನು ಕೊಡಿ ಎನ್ನುವ ಹಾಗೆ.

"ಬೇಡ. ನಾನೇ ಮಲಗಿಸ್ತೀನಿ" ಅಂದಳು ನಾದಿನಿ.

ಸಿಸ್ಟರ್ ಕೈ ಇಳಿಸಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಗಾಜಿನ ಹೊರಗೆ ನಿಂತು ನೋಡಿದೆ. ಅವಳೇ ಮಲಗಿಸಿದಳು, ಅವಳೇ ಪುಟ್ಟ ಕಾಲನ್ನು ಹಿಡಿದುಕೊಂಡು ವೈರು ಸುತ್ತಲು ಕೊಟ್ಟಳು. ಆಗ ಮಾತ್ರ ಅವಳ ಭುಜ ಅದುರಿದ್ದು ಕಂಡಿತು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಚೀಲವನ್ನು ಎದೆಗೆ ಅವಚಿಕೊಂಡು ಅತ್ತೆ.

ಕೆಳಗೆ ತಮ್ಮ ನನ್ನನ್ನು ಕಂಡೊಡನೆ ಓಡಿ ಹೋಗಿ ಕಾರಿನ ಹಿಂಬಾಗಿಲು ತೆರೆದು ಹಿಡಿದ. ಸೀಟಿನ ಮೇಲೆ ಒಗೆದ ಮೆತ್ತನೆ ಹೊದಿಕೆ ಹಾಸಿದ್ದ. ನನ್ನ ಹಿಂದೆ ಯಾರೂ ಬರುತ್ತಿಲ್ಲವೆಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಮಗು ಚೆನ್ನಾಗಿದೆ ಕಣೋ, ಹೆದರಬೇಡ. ಆದ್ರೆ ಇವತ್ತು ಬರಲ್ಲ" ಅಂದೆ.

ಅವನ ಮುಖ ಸಣ್ಣದಾಯಿತು. "ಯಾಕೆ? ಬೆಳಗ್ಗೆ ಕರ್ಕೊಂಡು ಹೋಗಿ ಅಂದಿದ್ರಲ್ಲಕ್ಕ. ಈಗ ಬೇಡ ಅಂದಿದ್ದು ಯಾರು, ಡಾಕ್ಟ್ರಾ?"

"ಡಾಕ್ಟ್ರಲ್ಲ" ಅಂದೆ. "ಅದರಮ್ಮ."