ಕುತ್ತಿಗೆ ಹಿಂದಿನ ಗೆರೆ

ಮೀನು ಹಿಡಿಯುವುದರಲ್ಲಿ ನನಗೆ ಅಂಥ ಆಸೆಯೇನೂ ಇಲ್ಲ. ವಾರವಿಡೀ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ನಿಂತು ಕಾಲು ಮರಗಟ್ಟಿರುತ್ತದೆ. ಸಿಗುವ ಒಂದು ಭಾನುವಾರವನ್ನೂ ಅಲ್ಲಾಡುವ ಹಲಗೆಯ ಮೇಲೆ ಕೂತು ಬಿಸಿಲಲ್ಲಿ ಬೇಯುವುದು ಯಾರಿಗೆ ಬೇಕಾಗಿದೆ? ಈ ಸಲ ಹೊರಟದ್ದು ಅಕ್ಕನ ಕಾಟ ತಾಳಲಾರದೆ.

"ನೀನೇ ಹೇಳ್ಬೇಕು ಕಣೋ. ನಾನು ಹೇಳಿದ್ರೆ ಜಗಳ ಆಗತ್ತೆ, ಎದ್ದು ಹೋಗ್ಬಿಡ್ತಾರೆ. ದೋಣೀಲಾದ್ರೆ ಎದ್ದು ಹೋಗೋಕೆ ಜಾಗ ಇರಲ್ಲ," ಅಂದಿದ್ದಳು.

ಹೇಳಬೇಕಾದದ್ದು ಇಷ್ಟೆ: ಭಾವ ಇನ್ನು ಸಲೂನ್ ಮುಚ್ಚಬೇಕು. ಅವರ ಕೈ ನಡುಗುತ್ತದೆ. ಮೊದಮೊದಲು ಟೀ ಲೋಟ ಹಿಡಿದಾಗ ಮಾತ್ರ ಕಾಣುತ್ತಿದ್ದ ನಡುಕ ಈಗ ಕತ್ತರಿಗೂ ಬಂದಿದೆ. ಮಾತ್ರೆ ನಮ್ಮ ಅಂಗಡಿಯಿಂದಲೇ ಹೋಗುತ್ತದೆ. ಡಾಕ್ಟರು ಡೋಸು ಏರಿಸುತ್ತಲೇ ಇರುವುದನ್ನು ನಾನು ನೋಡುತ್ತಿದ್ದೇನೆ. ಹೋದ ವಾರ ಒಬ್ಬ ಗಿರಾಕಿಯ ಕಿವಿ ಕೊಯ್ದು ಹೊಲಿಗೆ ಹಾಕಿಸಬೇಕಾಯಿತು. ಆತ ಒಳ್ಳೆಯವನು, ಹೊಟ್ಟೆಗೆ ಹಾಕಿಕೊಂಡ. ನಾಳೆ ಕಿವಿಯ ಬದಲು ಕುತ್ತಿಗೆಯಾದರೆ? ಅಕ್ಕನಿಗೆ ನಿದ್ದೆಯಿಲ್ಲ. ಭಾವನಿಗೋ ಆ ಅಂಗಡಿಯೇ ಉಸಿರು.

ಹೀಗೆ ಮೀನಿಗೆ ಹೋಗುವ ನಾವು ನಾಲ್ವರೂ ಒಂದೇ ಬೀದಿಯಲ್ಲಿ ಬೆಳೆದವರು. ದೋಣಿ ನಾವು ದೋಣಿಯಣ್ಣ ಅನ್ನುವವನದು, ವಾರದ ದಿನಗಳಲ್ಲಿ ಅಳಿವೆಯ ಆಚೆ ದಡಕ್ಕೆ ಜನರನ್ನು ದಾಟಿಸುವುದು ಅವನ ಕೆಲಸ. ಇನ್ನೊಬ್ಬ ಟೈಲರ್. ಅವನ ಬಾಯಿ ಅವನ ಹೊಲಿಗೆ ಯಂತ್ರಕ್ಕಿಂತ ಜೋರು. ಭಾವ ನಮ್ಮೆಲ್ಲರಿಗಿಂತ ದೊಡ್ಡವರು, ಅಕ್ಕನ ಕೈ ಹಿಡಿಯುವ ಮೊದಲೇ ನನಗೆ ಗೆಳೆಯರು. ಸಮುದ್ರಕ್ಕೆ ಹೋಗುವ ಹಿಂದಿನ ದಿನ ಮೂವರೂ ಅವರ ಸಲೂನಿನಲ್ಲಿ ತಲೆ ಕೊಡುವುದು ನಮ್ಮ ರೂಢಿ. "ಕರಡಿಗಳ ಜೊತೆ ನಾನು ದೋಣಿ ಹತ್ತಲ್ಲ" ಎಂಬುದು ಭಾವನ ಹಳೆಯ ತಮಾಷೆ.

ನಿನ್ನೆಯೂ ಕೊಟ್ಟಿದ್ದೆ. ಮನೆಗೆ ಹೋದರೆ ಹೆಂಡತಿ ನನ್ನನ್ನು ತಿರುಗಿಸಿ ನೋಡಿ, "ಇದೇನ್ರೀ, ಇಲಿ ತಿಂದ ಹಾಗಿದೆ!" ಅಂದಳು. ಕುತ್ತಿಗೆ ಹಿಂದಿನ ಗೆರೆ ಮೆಟ್ಟಿಲು ಮೆಟ್ಟಿಲಾಗಿತ್ತಂತೆ. ಸಂಜೆ ಕಳ್ಳನ ಹಾಗೆ ಬಸ್ ನಿಲ್ದಾಣದ ಹತ್ತಿರದ ಏಸಿ ಸಲೂನಿಗೆ ಹೋಗಿ ಸರಿ ಮಾಡಿಸಿಕೊಂಡು ಬಂದೆ. ಅದೇನೂ ಹೊಸದಲ್ಲ; ಕೆಲವು ತಿಂಗಳಿಂದ ಹಾಗೇ ನಡೆದಿತ್ತು. ಭಾವನಿಗೆ ನೋವಾಗಬಾರದಲ್ಲ.

ಬೆಳಗ್ಗೆ ಸಮುದ್ರಕ್ಕೆ ಬಂದು ಲಂಗರು ಇಳಿಸಿದ ಮೇಲೆ ಒಂದು ಮೀನೂ ಕಚ್ಚಲಿಲ್ಲ. ಗಾಳಿ ಸತ್ತುಹೋಗಿತ್ತು. ಹಸಿರು ನೀರಿನಿಂದ ಏಳುವ ಝಳ ಕಣ್ಣು ಕುಕ್ಕುತ್ತಿತ್ತು, ಮೈಯೆಲ್ಲ ಉಪ್ಪು ಹಿಡಿದು ಅಂಟಂಟು. ದೂರದ ತೆಂಗಿನ ಸಾಲು ಕೂಡ ಬಾಡಿದಂತೆ ಕಂಡಿತು. ಟೈಲರ್ ಸಹ ಮಾತು ನಿಲ್ಲಿಸಿದ್ದ. ಅಷ್ಟರ ಮಟ್ಟಿಗೆ ಸುಸ್ತು ಎಂದು ತಿಳಿಯಿರಿ. ನಾನು 'ಭಾವಾ' ಎಂದು ಶುರು ಮಾಡುವುದು, ಅವರು 'ಏನೋ' ಅನ್ನುವುದು, ನಾನು 'ನೀರು ಬೇಕಾ' ಅಂತ ಬಾಟಲಿ ಚಾಚುವುದು. ಹೀಗೇ ಬಾಟಲಿ ಖಾಲಿಯಾಯಿತು.

ಭಾವ ದೋಣಿಯ ಹಿಂಬದಿಯಲ್ಲಿ, ಎಂಜಿನ್ ಪಕ್ಕ ಕೂತಿದ್ದರು. ಕೊಕ್ಕೆಗೆ ಸಿಗಡಿ ಚುಚ್ಚಲು ಹೋದರೆ ಅದು ಜಾರಿ ಬೀಳುತ್ತಿತ್ತು. ಎತ್ತಿಕೊಂಡರು, ಮತ್ತೆ ಬಿತ್ತು. ನಾವು ಮೂವರೂ ಸಮುದ್ರದಲ್ಲಿ ಏನೋ ವಿಶೇಷ ಕಂಡವರ ಹಾಗೆ ಅವರಿಗೆ ಬೆನ್ನು ಹಾಕಿ ಆಚೆ ನೋಡಿದೆವು. ಕೊನೆಗೆ ಅವರು ಬರೀ ಕೊಕ್ಕೆಯನ್ನೇ ನೀರಿಗೆ ಬಿಟ್ಟು ದಾರ ಹಿಡಿದು ಕೂತರು. ಓರೆಗಣ್ಣಿಗೆ ಎಲ್ಲರಿಗೂ ಕಂಡಿತು.

ನಾವು ಮುಂದೆ ನೋಡುತ್ತಿದ್ದರೆ ಅವರು ನಮ್ಮನ್ನು ನೋಡುತ್ತಿದ್ದರು ಎಂಬುದು ನನಗೆ ಹೊಳೆಯಲೇ ಇಲ್ಲ. ಕ್ಷೌರದವನ ಮುಂದೆ ಬೆನ್ನು ಹಾಕಿ ಕೂತಿದ್ದೆವಲ್ಲ, ನಮ್ಮ ಬುದ್ಧಿಗಿಷ್ಟು!

"ಟೈಲರೇ, ಸ್ವಲ್ಪ ತಲೆ ಬಗ್ಗಿಸು," ಅಂದರು ಭಾವ.

ಅವನು ಬಗ್ಗಿಸಿದ. ಅಭ್ಯಾಸ.

"ಇದು ನಾನು ತೆಗೆದ ಗೆರೆ ಅಲ್ಲ. ನೀನು ತಿರುಗೋ," ಎಂದು ನನಗೆ ಹೇಳಿದರು. ನಾನೂ ತಿರುಗಿದೆ. ಅಷ್ಟರಲ್ಲಿ ದೋಣಿಯಣ್ಣ ಮೆಲ್ಲಗೆ ಟವೆಲ್ಲನ್ನು ಕುತ್ತಿಗೆಗೆ ಸುತ್ತಿಕೊಳ್ಳುತ್ತಿದ್ದ.

"ಟವೆಲ್ ತೆಗಿಯಪ್ಪ, ಸೆಕೆ ಆಗತ್ತೆ," ಅಂದರು ಭಾವ. "ಮೂರೂ ಒಂದೇ ಕೈ. ಮೆಷಿನ್ ಹಾಕಿ ಗುಂಡಗೆ ತೆಗ್ದಿದಾನೆ. ನಾನು ಚೌಕ ತೆಗೆಯೋನು."

"ಅದು ಹಾಗಲ್ಲಣ್ಣ, ನನ್ನ ಹೆಂಡ್ತಿ ಏನೋ..." ಎಂದು ಟೈಲರ್ ತೊದಲಿದ. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಅಲ್ಲಿಗೇ ಹೋಗಿದ್ಯಾ?" ಅಂದ.

"ನೀನು ಯಾವಾಗ ಹೋಗಿದ್ದೆ?"

"ನಾನು ಹೋದಾಗ ಇವನು ಒಳಗಿಂದ ಬರ್ತಾ ಇದ್ದ," ಎಂದು ದೋಣಿಯಣ್ಣ ಟೈಲರನ್ನು ತೋರಿಸಿದ. "ನಾನು ಕಂಬದ ಹಿಂದೆ ಅಡಗಿಕೊಂಡೆ."

ನಗು ತಡೆಯಲಾಗಲಿಲ್ಲ. ಮೂವರೂ ಬಿದ್ದು ಬಿದ್ದು ನಕ್ಕೆವು, ದೋಣಿ ಅಲ್ಲಾಡುವಷ್ಟು. ಭಾವ ನಗಲಿಲ್ಲ. ಅದನ್ನು ನೋಡಿ ನಮ್ಮ ನಗು ಒಂದೊಂದಾಗಿ ನಿಂತಿತು.

"ಯಾವಾಗಿಂದ ನಡೀತಿದೆ ಇದು?"

"ಮಳೆಗಾಲಕ್ಕೆ ಮುಂಚಿಂದ," ಅಂದ ದೋಣಿಯಣ್ಣ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ.

"ನಾನೂ ಅಷ್ಟೇ," ಅಂದ ಟೈಲರ್. ನಾನು ತಲೆ ಆಡಿಸಿದೆ.

ಭಾವ ದಾರವನ್ನು ಬಿಟ್ಟು ಎರಡೂ ಕೈಗಳನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡರು.

"ಕೈ ಹೇಗಿದೆ ಅಂತ ನನಗೆ ಗೊತ್ತಿಲ್ವೇನೋ? ಪ್ರತಿ ಸಲ ಕನ್ನಡಿ ಹಿಡಿದು ತೋರಿಸ್ತಿದ್ದೆ. ಫಸ್ಟ್ ಕ್ಲಾಸ್ ಅಣ್ಣ ಅಂತಿದ್ರಿ. ಗಿರಾಕಿಗಳು ದಾಕ್ಷಿಣ್ಯಕ್ಕೆ ಅಂತಾರೆ, ಅವರ ಮಾತು ಬಿಡು. ನನ್ನ ಹುಡುಗರು ಸುಳ್ಳು ಹೇಳಲ್ಲ, ಇನ್ನೂ ಸ್ವಲ್ಪ ದಿನ ನಡಿಯತ್ತೆ ಅಂದ್ಕೊಂಡೆ. ಅಂದ್ಕೊಂಡೇ ಅಂಗಡಿ ಬಾಗಿಲು ತೆಗೀತಿದ್ದೆ. ಮಳೆಗಾಲಕ್ಕೆ ಮುಂಚೆನೇ ಹೇಳಿದ್ರೆ ಆ ಮನುಷ್ಯನ ಕಿವಿ ಉಳೀತಿತ್ತಲ್ಲ."

ಕಿವಿ ಕೊಯ್ದ ಪಾಪವನ್ನು ವಾರದಿಂದ ನಾನು ಅವರ ಕೈಗೇ ಕಟ್ಟಿದ್ದೆ. ಅದರಲ್ಲಿ ನಮ್ಮ ಮೂವರ ಪಾಲೂ ಇತ್ತು.

"ಭಾವ, ಅಂಗಡಿ ಸಾಕು," ಅಂದೆ.

"ಹ್ಞೂಂ. ಸಾಕು."

ಅಷ್ಟೆ. ಜಗಳವಿಲ್ಲ, ಹಟವಿಲ್ಲ. ಅಕ್ಕ ಗಿಳಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟಿದ್ದ ಮಾತುಗಳೆಲ್ಲ ನನ್ನ ಬಾಯಲ್ಲೇ ಉಳಿದವು. ಗೆದ್ದೆ ಅನ್ನಿಸಲಿಲ್ಲ, ಬರೀ ಆಯಾಸವಾಯಿತು. ದೋಣಿಯಣ್ಣ ಲಂಗರು ಎಳೆಯತೊಡಗಿದ. ಟೈಲರ್ ಖಾಲಿ ಬುಟ್ಟಿಯನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಇಟ್ಟ.

"ನಾಳೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗ್ಲಿ?" ಅಂದರು ಭಾವ.

"ನಮ್ಮನೆಗೆ ಬನ್ನಿ ಭಾವ. ನಾನು ರಜಾ ಹಾಕ್ತೀನಿ."

"ನಾಡಿದ್ದು?"

"ನನ್ನ ಅಂಗಡಿಗೆ ಬಾ ಅಣ್ಣ," ಎಂದು ಟೈಲರ್ ಬಾಯಿ ಹಾಕಿದ. "ಕೂತು ಹರಟೆ ಹೊಡೆಯೋಣ."

"ಅದರ ಮಾರನೇ ದಿನ?"

ದೋಣಿಯಣ್ಣ ಲಂಗರಿನ ಹಗ್ಗ ಹಿಡಿದು ಹಾಗೇ ನಿಂತ. ಭಾವ ಕುಟುಕಲು ಕೇಳುತ್ತಿರಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳುತ್ತಿದ್ದರು, ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದರು.