ಮೂರು ದಿನದ ಮಾತು

ಮಹಾಲಕ್ಷ್ಮೀ ಐದು ತಿಂಗಳ ಬಸುರಿ ಎಂದು ಗೊತ್ತಾದ ದಿನವೂ ಅವಳು ಮುಟ್ಟಾದವಳಂತೆ ಹಿತ್ತಲ ಚಾಪೆಯ ಮೇಲೆ ಹೊರಗೆ ಕೂತಿದ್ದಳು. ತಾಯಿ ಗುತ್ಯಮ್ಮ ನಂಬಲಿಲ್ಲ. ಹೊರಗೆ ಕೂತ ಹುಡುಗಿ ಬಸುರಿಯಾಗಿರುವುದು ಎಲ್ಲಾದರೂ ಉಂಟೇ?

ಹೊಸನಗರದ ಕಡೆಯ ಅವರ ಹಳ್ಳಿ ಹಿಂದಿನ ಮಳೆಗಾಲದಲ್ಲಿ ಅಣೆಕಟ್ಟಿನ ನೀರಿನ ಪಾಲಾಗಿತ್ತು. ಗುತ್ಯಮ್ಮನ ಗಂಡ ಜಯಪ್ಪನಿಗೆ ಪ್ರಾಜೆಕ್ಟಿನ ಸ್ಟೋರಿನಲ್ಲಿ ಕೆಲಸ ಸಿಕ್ಕಿ, ಇಬ್ಬರು ಹೆಣ್ಣುಮಕ್ಕಳ ಸಮೇತ ಕಾರ್ಗಲ್ಲಿನ ಎರಡು ಕೋಣೆಯ ಕ್ವಾರ್ಟರ್ಸಿಗೆ ಬಂದಿದ್ದರು. ಮನೆ ಮುಳುಗಿದರೂ ಆಚಾರ ಮುಳುಗಬಾರದೆಂದು ಗುತ್ಯಮ್ಮ ಹಿತ್ತಲಿಗೊಂದು ತಗಡಿನ ಮಾಡು ಇಳಿಸಿ, ಅಲ್ಲಿ ಬೇರೆ ಚಾಪೆ, ಬೇರೆ ಚೊಂಬು ಇಟ್ಟಳು. ಕಾಲನಿಯಲ್ಲಿ ಮುಟ್ಟಾದವರೂ ಆಗದವರೂ ಒಂದೇ ನಲ್ಲಿಗೆ ಕೊಡ ಹಿಡಿಯುತ್ತಿದ್ದರು. ಅದನ್ನು ಕಂಡು ಮೂಗು ಮುರಿಯುವುದು ಅವಳಿಗೆ ದಿನದ ಕೆಲಸ.

"ನಮ್ಮ ಮಹಾಲಕ್ಷ್ಮೀನ ನೋಡಿ ಕಲೀರೇ," ಎನ್ನುತ್ತಿದ್ದಳು. "ಹೊತ್ತಿಗೆ ಸರಿಯಾಗಿ ತಾನೇ ಹೋಗಿ ಕೂತ್ಕಳ್ತಾಳೆ. ನಾನು ಬಾಯಿ ಬಿಡೋದೇ ಬ್ಯಾಡ."

ಬಾಯಿ ಬಿಡದಿರುವುದೇ ಅವಳ ಹೆಚ್ಚುಗಾರಿಕೆ. ಮಗಳಿಗೆ ಹದಿನಾರು, ಎಸ್ಸೆಸ್ಸೆಲ್ಸಿ ಓದುತ್ತಿದ್ದಳು. ಶಾಲೆಯಿಂದ ಬರುವುದು ಯಾಕೆ ತಡ, ಬೆಳಿಗ್ಗೆ ರೊಟ್ಟಿ ಕಂಡರೆ ಯಾಕೆ ಓಕರಿಕೆ ಎಂದು ಗುತ್ಯಮ್ಮ ಕೇಳಿದವಳಲ್ಲ. ತಿಂಗಳಿಗೊಮ್ಮೆ ಚಾಪೆ ತುಂಬಿದರೆ ಮಗಳು ನೆಟ್ಟಗಿದ್ದಾಳೆ ಎಂದೇ ಲೆಕ್ಕ.

ಅಂದು ಮಹಾಲಕ್ಷ್ಮೀ ಚಾಪೆಯ ಮೇಲೇ ತಲೆ ಸುತ್ತಿ ಬಿದ್ದಳು. ತಾನು ಮುಟ್ಟುವ ಹಾಗಿಲ್ಲವಲ್ಲ, ಗುತ್ಯಮ್ಮ ಪಕ್ಕದ ಮನೆಯ ನರ್ಸು ದುರ್ಗಮ್ಮನನ್ನು ಕೂಗಿದಳು. ದುರ್ಗಮ್ಮ ಹುಡುಗಿಯ ಮುಖಕ್ಕೆ ನೀರು ಚಿಮುಕಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ ವಿಷಯ ಹೇಳಿದಳು.

"ತಲೆ ಸರಿ ಇದ್ಯಾ ನಿಮ್ಗೆ? ಕಣ್ಣೆದುರಿಗೇ ಹೊರಗೆ ಕೂತವ್ಳೆ!"

"ಕೂತವ್ಳೆ, ಸರಿ. ಅವ್ಳ ಬಟ್ಟೆ ಯಾವತ್ತಾದ್ರೂ ನೋಡಿದ್ರಾ?"

ನೋಡಿರಲಿಲ್ಲ. ಅದೆಲ್ಲ ನೋಡುವಂಥದ್ದಲ್ಲ.

ಮಹಾಲಕ್ಷ್ಮೀ ಗೋಡೆಗೆ ಒರಗಿ ಅಳುತ್ತಿದ್ದಳು. "ಮುಟ್ಟು ನಿಂತೋಯ್ತು ಕಣಮ್ಮ. ಏನೋ ಕಾಯಿಲೆ ಅಂದ್ಕಂಡೆ. ಹೇಳಿದ್ರೆ ಬೈತೀಯ ಅಂತ ಸುಮ್ನೆ ಬಂದು ಕೂತ್ಕಳ್ತಿದ್ದೆ."

"ಯಾರೇ ಅವ್ನು?"

"ಶ್ಯಾಮ. ನಮ್ಮ ಕ್ಲಾಸಿನವ್ನು." ಆಮೇಲೆ, ತಾಯಿಗೆ ಸಮಾಧಾನವಾಗಲಿ ಎನ್ನುವಂತೆ, "ಆದ್ರೆ ಆ ಮೂರು ದಿನ ನಾನು ಅವ್ನ ಹತ್ರಾನೂ ಸುಳೀಲಿಲ್ಲಮ್ಮ. ಮೂರು ದಿನ ಯಾರನ್ನೂ ಮುಟ್ಟಬೇಡ ಅಂತ ನೀನೇ ಹೇಳಿದ್ಯಲ್ಲ. ಒಂದ್ಸಲಾನೂ ಮೀರಲಿಲ್ಲ," ಎಂದಳು.

ದುರ್ಗಮ್ಮ ಗುತ್ಯಮ್ಮನ ಮುಖ ನೋಡಿದಳು. ಮಗಳು ದೊಡ್ಡವಳಾದಾಗ ತಾಯಿ ಹೇಳಿದ್ದು ಅದೊಂದೇ ಮಾತು. ಗುತ್ಯಮ್ಮನ ತಾಯಿ ಅವಳಿಗೆ ಹೇಳಿದ್ದೂ ಅದನ್ನೇ. ಎಮ್ಮೆಗೆ ಕೋಣ ಕೂಡಿಸುವ ಮಾತನ್ನು ಬೀದಿಯಲ್ಲಿ ನಿಂತು ಆಡುವ ಜನಕ್ಕೆ, ಹೆತ್ತ ಮಗಳ ಮುಂದೆ ಮಾತ್ರ ನಾಲಿಗೆ ಏಳುವುದಿಲ್ಲ. ಇಂಥ ಮಾನವಂತರಿಗೆ ಏನೆನ್ನಬೇಕು?

ಶ್ಯಾಮನನ್ನು ಅವನಪ್ಪ ತಾಳಗುಪ್ಪದಲ್ಲಿ ರೈಲು ಹತ್ತಿಸಿ ದೂರದ ಅಜ್ಜನ ಮನೆಗೆ ಕಳಿಸಿಬಿಟ್ಟ. ಅವನಿಗೂ ಯಾರೂ ಏನೂ ತಿಳಿಸಿ ಹೇಳಿದವರಲ್ಲ, ಆದರೆ ಗಂಡು, ರೈಲಾದರೂ ಸಿಕ್ಕಿತು.

ಜಯಪ್ಪ ಮೊದಲು ಹೆಂಡತಿಗೆ ಹೊಡೆದ. ಆಮೇಲೆ ತೀರ್ಥಹಳ್ಳಿಯ ಆಚೆ ಇದ್ದ ತನ್ನ ಅಕ್ಕ ಬೆಳ್ಳಮ್ಮನ ನೆನಪಾಯಿತು. ಅವಳಿಗೆ ಬಸುರು ಇಳಿಸುವ ನಾರುಬೇರು ಗೊತ್ತಿತ್ತು. ಸುದ್ದಿ ತಿಳಿದು ದುರ್ಗಮ್ಮ ಓಡಿಬಂದಳು.

"ಜಯಪ್ಪೋರೆ, ದಿನ ಮೀರಿದೆ. ಈಗ ಏನು ಕುಡಿಸಿದ್ರೂ ಹುಡುಗಿ ಉಳಿಯಲ್ಲ. ಇಲ್ಲೇ ಬಿಡಿ, ಹೆರಿಗೆ ನಾನು ಮಾಡಿಸ್ತೀನಿ. ಕೂಸನ್ನ ಮಕ್ಕಳಿಲ್ಲದೋರಿಗೆ ಕೊಡಣ."

"ಮಾನ ಹೋದ್ಮೇಲೆ ಜೀವ ಇಟ್ಕಂಡು ಏನ್ ಮಾಡದು?" ಎಂದ ಜಯಪ್ಪ.

ಮಾನ ಅವನದು, ಜೀವ ಮಗಳದು. ಅದನ್ನು ಹೇಳುವ ಧೈರ್ಯ ಗುತ್ಯಮ್ಮನಿಗೆ ಬರಲಿಲ್ಲ. ಸಾಗರದ ಬಸ್ಸು ಹತ್ತುವಾಗ ಮಹಾಲಕ್ಷ್ಮೀ ತಿರುಗಿ, "ಪರೀಕ್ಷೆ ಹೊತ್ತಿಗೆ ಬರ್ತೀನಲ್ವಾ ಅಮ್ಮ?" ಎಂದು ಕೇಳಿದಳು. ಗುತ್ಯಮ್ಮ ಹ್ಞೂಂ ಎಂದಳು.

ಮುಂದಿನ ವಾರ ಜಯಪ್ಪ ಒಬ್ಬನೇ ಬಂದ. ಜ್ವರ ಬಂದು ಹೋಗಿಬಿಟ್ಟಳು ಎಂದು ಕಾಲನಿಗೆಲ್ಲ ಹೇಳಿದ. ಯಾವ ಜ್ವರ ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಎಲ್ಲರ ಮನೆಯಲ್ಲೂ ಹೆಣ್ಣುಮಕ್ಕಳಿದ್ದರು.

ಮರುವರ್ಷ ಚಿಕ್ಕ ಮಗಳು ನಾಗವೇಣಿ ದೊಡ್ಡವಳಾದಳು. ದುರ್ಗಮ್ಮ ನಲ್ಲಿಯ ಹತ್ತಿರ ಗುತ್ಯಮ್ಮನ ಕೈ ಹಿಡಿದುಕೊಂಡಳು. "ಈ ಸಲನಾದ್ರೂ ಬಾಯಿ ಬಿಡಿ. ಮೈಯಲ್ಲಿ ಏನಾಗ್ತದೆ, ಬಸುರು ಹೇಗೆ ನಿಲ್ತದೆ, ಎಲ್ಲಾ ಹೇಳಿ. ಇವ್ಳನ್ನೂ ಕಳ್ಕಬ್ಯಾಡಿ."

ಗುತ್ಯಮ್ಮ ಆ ಮಧ್ಯಾಹ್ನವೆಲ್ಲ ಒಲೆಯ ಮುಂದೆ ಕೂತು ಮಾತು ಕೂಡಿಸಿದಳು. ಅಕ್ಕನಿಗೆ ಏನಾಯಿತು ಎನ್ನುವುದರಿಂದಲೇ ಶುರು ಮಾಡಬೇಕು. ಗಟ್ಟಿ ಮನಸ್ಸು ಮಾಡಿ ಹಿತ್ತಲಿಗೆ ಹೋದಳು. ನಾಗವೇಣಿ ಅದೇ ಚಾಪೆಯ ಮೇಲೆ ಮೊಣಕಾಲು ತಬ್ಬಿ ಕೂತಿದ್ದಳು. ಗುತ್ಯಮ್ಮ ಎಂದೂ ಕೂರದ ಆ ಚಾಪೆಯ ಅಂಚಿನಲ್ಲಿ ಕೂತಳು.

"ವೇಣೀ, ನಿಮ್ಮಕ್ಕ..." ಎನ್ನುತ್ತಾ ಮಗಳ ತಲೆಯ ಕಡೆಗೆ ಕೈ ಚಾಚಿದಳು.

ನಾಗವೇಣಿ ಗಾಬರಿಯಾಗಿ ಗೋಡೆಗೆ ಸರಿದಳು. "ಅಯ್ಯೋ ಅಮ್ಮ, ಮುಟ್ಟಬ್ಯಾಡ! ನಿಂಗೂ ಮೈಲಿಗೆ ಆಗ್ತದೆ. ಮೂರು ದಿನ ಯಾರನ್ನೂ ಮುಟ್ಟಬಾರ್ದು, ಅಕ್ಕ ಹೇಳಿಕೊಟ್ಟವ್ಳೆ."

ಚಾಚಿದ ಕೈ ಹಾಗೇ ನಿಂತಿತು. ಮಧ್ಯಾಹ್ನವೆಲ್ಲ ಕೂಡಿಸಿಟ್ಟ ಮಾತು ಒಂದೂ ನೆನಪಿಗೆ ಬರಲಿಲ್ಲ.

"ಹೌದು ಮಗ," ಎಂದಳು ಗುತ್ಯಮ್ಮ. "ಯಾರನ್ನೂ ಮುಟ್ಟಬ್ಯಾಡ."

ಅವಳು ಎದ್ದು, ತನ್ನ ಮೈಲಿಗೆಯ ಸ್ನಾನಕ್ಕೆ ನೀರು ಕಾಯಿಸಲು ಬಚ್ಚಲಿಗೆ ಹೋದಳು.