ಕೆಡಿಸೋ ಅಕ್ಕ

ಪರದೆಯ ಮೇಲೆ ಸಾಲುಸಾಲಾಗಿ ಹಸಿರು ಗುರುತು ಮೂಡಿ ನಾವೆಲ್ಲ ನಿಶ್ಚಿಂತೆಯಿಂದ ಚಹಾಕ್ಕೆ ಏಳುವ ಹೊತ್ತಿಗೆ ಆಕೆಯ ಮುಖ ಮಾತ್ರ ಬಿಳಿಚಿಕೊಳ್ಳುತ್ತಿತ್ತು. ತಪ್ಪು ಸಿಕ್ಕಿತೆಂದು ಕೆಂಪು ಬಂದ ದಿನ ಹೊಟ್ಟೆತುಂಬ ಉಣ್ಣುತ್ತಿದ್ದ, ಎಲ್ಲವೂ ಸರಿಯಿದೆ ಎಂದ ದಿನ ಊಟದ ಡಬ್ಬಿಯನ್ನು ತೆರೆಯದೆ ಮನೆಗೊಯ್ಯುತ್ತಿದ್ದ ಜೀವ ಅದು. ಆಸ್ಪತ್ರೆಗಳಿಗೆ ವೆಬ್‌ಸೈಟ್ ಕಟ್ಟಿಕೊಡುವ ನಮ್ಮ ಕಚೇರಿಯಲ್ಲಿ ಪರೀಕ್ಷಿಸುವ ಕೆಲಸ ಆಕೆಯದು. ಪರದೆಯ ಮೇಲಿನ ವಾಕ್ಯಗಳನ್ನು ಬರೆಯುವ ಕೆಲಸ ನನ್ನದು. ಗೋಡೆಗೆ ಭುಜ ಸವರಿಕೊಂಡು ಸಾಗುವ ನಡಿಗೆ, ಬೇಸಿಗೆಯಲ್ಲೂ ಮೈಬಿಡದ ಬೂದು ಕೋಟು, ಅದರ ಜೇಬಿನ ತುಂಬ ಚೀಟಿಗಳು. ‘ಇರಿ, ಒಂದ್ಸಲ ಕೆಡಿಸಿ ನೋಡೋಣ’ ಎಂದು ದಿನಕ್ಕೆ ಹತ್ತು ಸಲ ಅನ್ನುತ್ತಿದ್ದುದರಿಂದ ಕಚೇರಿಗೆಲ್ಲ ಆಕೆ ‘ಕೆಡಿಸೋ ಅಕ್ಕ’.

ಯಾವ ರೋಗಿಗೆ ಯಾವ ಔಷಧಿ ಒಗ್ಗುವುದಿಲ್ಲವೆಂದು ನರ್ಸುಗಳು ದಾಖಲಿಸುವ ಪುಟವೊಂದನ್ನು ನಾವು ಕಟ್ಟಿದ್ದೆವು. ಒಂದು ವಾರ್ಡಿನಲ್ಲಿ ಒಂಬತ್ತು ದಿನಗಳಿಂದ ಅದರ ಪ್ರಯೋಗ ನಡೆದಿತ್ತು. ಸೋಮವಾರ ಅದು ಇಡೀ ಆಸ್ಪತ್ರೆಗೆ ಹೋಗಬೇಕಿತ್ತು. ಮನುಷ್ಯರ ಬದಲು ತಾನೇ ಗುಂಡಿ ಒತ್ತಿ, ಜಾಗ ತುಂಬಿ ಪರೀಕ್ಷಿಸುವ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ಓಪನ್ ಸೋರ್ಸ್ ಸಲಕರಣೆಯೊಂದನ್ನು ಆರಿಸುವ ಹೊಣೆ ಆಕೆಯ ಮೇಲೆ ಬಿತ್ತು. ಮೂರು ಮುಂದಿದ್ದವು. ಉಳಿದವರು ಅವುಗಳ ಹೊಗಳಿಕೆ ಓದಿದರೆ ಆಕೆ ಓದಿದ್ದು ಬಳಸಿದವರ ದೂರುಗಳನ್ನು. ‘ಇದನ್ನ ಕಟ್ಟಿದೋನು ಒಬ್ಬನೇ. ಎರಡು ವರ್ಷದಿಂದ ಯಾರಿಗೂ ಉತ್ತರ ಕೊಟ್ಟಿಲ್ಲ. ಇದ್ದಾನೋ ಇಲ್ವೋ’ ಎಂದು ಮೊದಲನೆಯದನ್ನು ಬದಿಗಿಟ್ಟಳು.

ಎರಡನೆಯದು ನಮ್ಮ ಬೆರಳಾಟವನ್ನು ನೆನಪಿಟ್ಟುಕೊಂಡು, ಅದನ್ನೇ ಮತ್ತೆ ಆಡಿ, ನಾಲ್ಕು ನಿಮಿಷದಲ್ಲಿ ಮುಗಿಸುತ್ತಿತ್ತು. ಮೂರನೆಯದಕ್ಕೆ ಕೈಯಾರೆ ಪ್ರೋಗ್ರಾಂ ಬರೆಯಬೇಕು, ನಲವತ್ತು ನಿಮಿಷ ಕಾಯಬೇಕು. ಮ್ಯಾನೇಜರರ ಕಣ್ಣೆಲ್ಲ ಎರಡನೆಯದರ ಮೇಲೆ. ಆಕೆ ಪುಟದ ನಕಲೊಂದನ್ನು, ಬರೆದದ್ದೇನೂ ಉಳಿಯದಂತೆ ಬೇಕೆಂದೇ ಕೆಡಿಸಿ, ಎರಡನ್ನೂ ಓಡಿಸಿದಳು. ಬೇಗದ್ದು ‘ವಿವರ ಭದ್ರವಾಗಿ ಉಳಿದಿದೆ’ ಎಂಬ ಸಾಲನ್ನು ಕಂಡು ಹಸಿರು ತೋರಿಸಿತು. ಆ ಸಾಲು ಬರೆದವನು ನಾನು. ಉಳಿದರೂ ಉಳಿಯದಿದ್ದರೂ ಗುಂಡಿ ಒತ್ತಿದೊಡನೆ ಅದು ಮೂಡುತ್ತದೆಂದು ನನಗೆ ಗೊತ್ತಿತ್ತು. ಯಾರೂ ಕೇಳಲಿಲ್ಲವೆಂದು ಬಾಯಿ ಮುಚ್ಚಿಕೊಂಡಿದ್ದೆ. ನಿಧಾನದ್ದು ಆಕೆ ಬರೆದಂತೆ ಪುಟವನ್ನು ಮುಚ್ಚಿ, ಮತ್ತೆ ತೆರೆದು, ಖಾಲಿ ಜಾಗ ಕಂಡು ಕೆಂಪಾಯಿತು.

‘ಕೆಡಿಸಿದ್ದು ನೀನೇ ಅಲ್ವೇನಮ್ಮಾ? ನಮ್ಮನೆಗೆ ನಾವೇ ಕನ್ನ ಹಾಕಿ ಕಳ್ಳ ಬಂದ ಅಂತ ಕೂಗ್ಕೊಂಡ ಹಾಗಾಯ್ತು’ ಎಂದರು ಮ್ಯಾನೇಜರ್. ನಾವೆಲ್ಲ ನಕ್ಕೆವು.

‘ಸರಿ ಸಾರ್, ಸರಿ ಮಾಡೇ ನೋಡೋಣ’ ಎಂದು ಆಕೆ ಕೆಡಿಸಿದ್ದನ್ನು ಮೊದಲಿನಂತಾಗಿಸಿ, ಇಬ್ಬರು ನರ್ಸುಗಳು ಒಬ್ಬನೇ ರೋಗಿಯ ಪುಟವನ್ನು ಒಟ್ಟಿಗೆ ತೆರೆದಂತೆ ನಿಧಾನದ್ದನ್ನು ಓಡಿಸಿ, ಉಗುರು ಕಚ್ಚುತ್ತ ಕೂತಳು. ಮತ್ತೆ ಕೆಂಪು. ಈ ಸಲ ಯಾರೂ ಏನನ್ನೂ ಕೆಡಿಸಿರಲಿಲ್ಲ. ಎರಡನೆಯ ನರ್ಸು ಉಳಿಸಿದೊಡನೆ ಮೊದಲನೆಯವಳು ಬರೆದದ್ದು ಸದ್ದಿಲ್ಲದೆ ಅಳಿಸಿಹೋಗುತ್ತಿತ್ತು.

‘ಒಂಬತ್ತು ದಿನ’ ಎಂದಳು. ‘ಮೊದ್ಲು ಮೇಲಿನೋರಿಗೆ ಒಂದು ಮಾತು...’ ಎಂದು ಮ್ಯಾನೇಜರ್ ರಾಗ ಎಳೆಯುತ್ತಿರುವಾಗಲೇ ಆಕೆ ವಾರ್ಡಿನ ನಂಬರು ಒತ್ತುತ್ತಿದ್ದಳು. ಫೋನಿನ ಸ್ಪೀಕರನ್ನೂ ಹಾಕಿದಳು.

‘ಸಿಸ್ಟರ್, ಆ ಪುಟ ನಂಬಬೇಡಿ. ನೀವು ಬರೆದಿದ್ದು ಅಳಿಸಿಹೋಗಿರಬಹುದು. ಕಾಗದದ ಮೇಲೆ ಏನಾದ್ರೂ ಇದ್ಯಾ?’

ಆ ಕಡೆ ಯಾವುದೋ ಟ್ರಾಲಿಯ ಚಕ್ರ ಕಿರುಗುಟ್ಟಿದ ಸದ್ದು. ಆಮೇಲೆ ತಗ್ಗಿದ ದನಿ. ‘ಕಾಗದ ಬೇಡ ಅಂದಿದ್ರು. ನನಗ್ಯಾಕೋ ಧೈರ್ಯ ಬರ್ಲಿಲ್ಲ ಕಣ್ರೀ. ಕದ್ದುಮುಚ್ಚಿ ನೋಟ್‌ಬುಕ್ಕಲ್ಲಿ ಬರ್ಕೊಂಡಿದೀನಿ. ಯಾರಿಗೂ ಹೇಳ್ಬೇಡಿ.’

‘ಹೇಳಲ್ಲ. ಈಗ್ಲೇ ಒಂದೊಂದಾಗಿ ತಾಳೆ ನೋಡಿ. ನಾನು ಲೈನಲ್ಲೇ ಇರ್ತೀನಿ.’

ಹಾಳೆ ಮಗುಚುವ ಸದ್ದು ನಮಗೂ ಕೇಳಿಸುತ್ತಿತ್ತು. ‘ಏಳನೇ ಮಂಚದೋರದ್ದು ಪುಟದಲ್ಲಿ ಕಾಣಿಸ್ತಿಲ್ಲ. ಅವರಿಗೆ ಒಗ್ಗದ ಔಷಧೀನೇ ಬರೆದಿದಾರೆ. ಇಂಜೆಕ್ಷನ್ ಮೂರು ಗಂಟೆಗೆ.’ ಗೋಡೆಯ ಗಡಿಯಾರದಲ್ಲಿ ಆಗ ಎರಡೂ ಕಾಲು.

ಒಬ್ಬರ ಮುಖ ಒಬ್ಬರು ಕಾಣದ ಇಬ್ಬರು ಹೆಂಗಸರ ಅಂಜಿಕೆಯಿಂದ ಆ ಏಳನೆಯ ಮಂಚದವರು ಉಳಿದರು, ನಾವು ಯಾರೂ ಉಳಿಸಲಿಲ್ಲ. ಇಂಥವರನ್ನು ಪುಕ್ಕಲರೆಂದು ಆಡಿಕೊಳ್ಳುವ ನಮ್ಮ ಧೈರ್ಯವೆಲ್ಲ, ನಾವು ಅಂಜಬೇಕಾದದ್ದನ್ನು ನಮ್ಮ ಪರವಾಗಿ ಅವರು ಅಂಜುತ್ತಿರುವುದರಿಂದ ದಕ್ಕಿದ ಬಿಟ್ಟಿ ಧೈರ್ಯ. ಅಂಥವರೊಬ್ಬರೂ ಇಲ್ಲದ, ಎಲ್ಲರೂ ನಿಶ್ಚಿಂತರಾಗಿರುವ ಕಚೇರಿಗಳು ಎಷ್ಟಿವೆಯೋ ನನಗೆ ತಿಳಿಯದು. ಅವು ಕಟ್ಟಿದ ಪುಟಗಳ ಮುಂದೆ ಈ ಗಳಿಗೆಯಲ್ಲೂ ಯಾರೋ ಔಷಧಿ ಹಿಡಿದು ನಿಂತಿರುತ್ತಾರೆ.